ಲಂಕೆಗೆ ಹೊರಟ ಮೂರು ಗಂಟು

ಮೀಸೆಗೆ ಹತ್ತಿದ ಮಜ್ಜಿಗೆಯನ್ನು ಒರೆಸಿಕೊಳ್ಳದೆ ಸಮುದ್ರದ ಮಾತಾಡುವ ಇಬ್ಬರು ಗಂಡಸರನ್ನು ನಾನು ಒಂದು ಇಡೀ ಬೇಸಿಗೆ ಮತ್ತು ಮುಕ್ಕಾಲು ಮಳೆಗಾಲ ಸಹಿಸಿಕೊಂಡಿದ್ದೆ. ಒಬ್ಬರು ನನ್ನ ಯಜಮಾನರು. ಕುಷ್ಟಗಿಯಲ್ಲಿ ಜೋಳ, ತೊಗರಿಯ ಅಡತಿ ಅಂಗಡಿ ಅವರದು. ಇನ್ನೊಬ್ಬರು ಊರಿನ ಸಾಲೆಯ ಡ್ರಿಲ್ ಮಾಸ್ತರರು. ಇಬ್ಬರಿಗೂ ಈಜು ಬರುತ್ತಿರಲಿಲ್ಲ. ಇಬ್ಬರೂ ಸೇರಿ ಲಂಕೆಗೆ ಹೋಗಿ, ಹಲಗೆಯ ಮೇಲೆ ನಿಂತು ಸಮುದ್ರದ ತೆರೆ ಏರುವ ಯೋಜನೆ ಹಾಕಿದ್ದರು. ನಮ್ಮ ಪಡಸಾಲೆಯಲ್ಲಿ ಕೂತು, ನನ್ನ ಕೈಯ ರೊಟ್ಟಿ ತಿನ್ನುತ್ತ ಹಾಕಿದ್ದರು. ಇದು ಯುರೋಪಿನಲ್ಲಿ ದೊಡ್ಡ ಯುದ್ಧ ಶುರುವಾದ ವರ್ಷದ ಮಾತು. ನನಗೆ ಆಗ ಹತ್ತೊಂಬತ್ತು.

ಎಲ್ಲಕ್ಕೂ ಮೂಲ ಒಂದು ಹರಕು ಹಾಳೆ. ಮಾಸ್ತರರ ಮನೆಗೆ ಯಾರೋ ನೆಂಟರು ಮುಂಬೈಯಿಂದ ಉತ್ತತ್ತಿ ತಂದಿದ್ದರು. ಅದನ್ನು ಕಟ್ಟಿದ್ದ ಇಂಗ್ರೇಜಿ ಪತ್ರಿಕೆಯ ಹಾಳೆಯಲ್ಲಿ ಒಂದು ಚಿತ್ರ. ಮಾಳಿಗೆಯಷ್ಟು ಎತ್ತರಕ್ಕೆ ಎದ್ದ ನೀರಿನ ಮೇಲೆ ಒಬ್ಬ ಗಂಡಸು ಉದ್ದನೆಯ ಹಲಗೆಯ ಮೇಲೆ ನಿಂತಿದ್ದ. ಮೈಮೇಲೆ ಲಂಗೋಟಿಗಿಂತ ತುಸು ದೊಡ್ಡ ಬಟ್ಟೆ, ಹಿಂದೆ ತೆಂಗಿನ ಮರಗಳು. ಚಿತ್ರದ ಕೆಳಗೆ ದ್ವೀಪ ಎಂಬ ಅರ್ಥದ ಒಂದು ಶಬ್ದ ಮಾತ್ರ ಉಳಿದಿತ್ತು. ಯಾವ ದ್ವೀಪವೆಂಬುದು ಹರಿದು ಹೋಗಿತ್ತು. ಅದನ್ನು ಯಾರನ್ನಾದರೂ ಕೇಳಿ ತಿಳಿಯೋಣ ಎಂದು ಇಬ್ಬರಿಗೂ ಅನ್ನಿಸಲಿಲ್ಲ.

"ದ್ವೀಪ ಅಂದ್ರ ಲಂಕಾನ ರೀ ಸಾವಕಾರ್ರ. ಮತ್ಯಾವುದು ಐತಿ?" ಎಂದರು ಮಾಸ್ತರರು.

ನಮ್ಮವರು ಹೌದೆಂದು ತಲೆಯಾಡಿಸಿ, ಉತ್ತತ್ತಿಯ ಬೀಜವನ್ನು ಅಂಗಳಕ್ಕೆ ಉಗುಳಿದರು. ಅಂಗಳ ಗುಡಿಸುವವಳು ನಾನು.

"ಹೋಗಿ ಬರ್ರಿ, ರಾವಣಗ ನನ್ನ ಶರಣು ಹೇಳ್ರಿ" ಎಂದು ನಮ್ಮತ್ತೆ ಒಳಗಿನಿಂದ ಅಂದರು. ಅತ್ತೆಗೆ ಮಗನ ಹುಚ್ಚುಗಳೆಲ್ಲ ಗೊತ್ತಿದ್ದವು. ಹಿಂದಿನ ವರ್ಷ ಜೇನು ಸಾಕುತ್ತೇನೆಂದು ಹೊರಟು, ಮುಖ ಊದಿಸಿಕೊಂಡು ವಾರ ಮಲಗಿದ್ದರು.

ನಾನು ಮಾತ್ರ ನಗಲಿಲ್ಲ. ಹಲಗೆ ಹಿಡಿದು ತೆರೆ ಏರಿದವಳು ಆ ಮನೆಯಲ್ಲಿ ನಾನೊಬ್ಬಳೇ. ನನ್ನ ತವರು ಗಂಗಾವತಿಯ ಆಚೆ, ತುಂಗಭದ್ರೆಯ ದಂಡೆಯ ಹಳ್ಳಿ. ಊರ ಮುಂದೆ ಹೊಳೆಗೆ ಅಡ್ಡಲಾಗಿ ಹಳೆಯ ಕಾಲದ ಕಲ್ಲಿನ ಒಡ್ಡು. ಅದರ ಒಂದು ಮಗ್ಗುಲು ಕುಸಿದು ಬಾಯಿ ಬಿಟ್ಟಿತ್ತು. ಮಳೆಗಾಲದ ಕೊನೆಯಲ್ಲಿ ನೀರು ಅಲ್ಲಿಂದ ಜಾರಿ ಬಂದು, ಕೆಳಗೆ ಒಂದೇ ಜಾಗದಲ್ಲಿ ತೆರೆಯಾಗಿ ಏಳುತ್ತಿತ್ತು. ಮುಂದೆ ಹೋಗದೆ, ಹಿಂದೆ ಬರದೆ ನಿಂತ ತೆರೆ. ನಾನು ಎಂಟು ವರ್ಷದವಳಿದ್ದಾಗಿನಿಂದ ಒಂದು ಬೂರುಗದ ಹಲಗೆಯನ್ನು ಎದೆಗೆ ಅವಚಿಕೊಂಡು ಆ ತೆರೆಯ ಮೇಲೆ ಬೀಳುತ್ತಿದ್ದೆ. ನೀರು ನಮ್ಮನ್ನು ಹೊತ್ತು ಅಲ್ಲೇ ನಿಲ್ಲಿಸಿಕೊಳ್ಳುತ್ತದೆ. ಕೆಳಗೆಲ್ಲ ಹೊಳೆ ಓಡುತ್ತಿರುತ್ತದೆ, ನಾವು ಇದ್ದಲ್ಲೇ ಇರುತ್ತೇವೆ. ಅಷ್ಟು ಸುಖ ನನಗೆ ಮುಂದೆ ಯಾವುದರಲ್ಲೂ ಸಿಕ್ಕಿಲ್ಲ, ಮದುವೆಯಲ್ಲಂತೂ ಇಲ್ಲವೇ ಇಲ್ಲ.

ಅಲ್ಲಿಂದ ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಕುಷ್ಟಗಿಗೆ. ಎರಡು ತಂಬಿಗೆ ನೀರಿನಲ್ಲಿ ಮೈ ತೊಳೆದು, ಆ ನೀರನ್ನೇ ಎಮ್ಮೆಯ ಕೊಟ್ಟಿಗೆಗೆ ಹರಿಸುವ ಸೀಮೆ. ಬಾವಿಯ ನೀರು ಸವಳು, ಬೇಳೆ ಬೇಯುವುದಿಲ್ಲ. ಪಂಚಮಿಗೆ ತವರಿಗೆ ಹೋದರೂ ಅಣ್ಣ ಹೊಳೆಗೆ ಇಳಿಯಗೊಡುತ್ತಿರಲಿಲ್ಲ. ಮದುವೆಯಾದ ಹೆಣ್ಣುಮಗಳು ನೀರಾಡಿದರೆ ಗಂಡನ ಮನೆಯವರು ಏನಂದಾರು ಎನ್ನುತ್ತಿದ್ದ. ನಾಲ್ಕು ವರ್ಷದಲ್ಲಿ ನನ್ನ ತಲೆ ಒಂದು ಸಲವೂ ನೀರಿನಲ್ಲಿ ಮುಳುಗಿರಲಿಲ್ಲ. ಆ ಹರಕು ಹಾಳೆಯನ್ನು ನೋಡಿದ ದಿನ ನನಗೆ ಬೇಕಾದದ್ದು ಒಂದೇ ಆಯಿತು: ಮತ್ತೊಂದು ಸಲ ಹಲಗೆಯ ಮೇಲೆ ಮಲಗಬೇಕು, ನೀರು ನನ್ನನ್ನು ಎತ್ತಬೇಕು. ಲಂಕೆಯಾದರೂ ಸರಿ, ಯಾವ ಹಾಳು ಹೊಳೆಯಾದರೂ ಸರಿ.

ಊಟಕ್ಕೆ ಬಡಿಸುವಾಗ ಯಜಮಾನರಿಗೆ ಹೇಳಿದೆ, "ಇದು ನನಗ ಬರ್ತೈತ್ರಿ."

ಮೊದಲು ನಕ್ಕರು. ಆಮೇಲೆ ಮಾಸ್ತರರನ್ನು ಕರೆಸಿದರು. ಪರ ಗಂಡಸಿನ ಮುಂದೆ ಬರುವಂತಿಲ್ಲದ್ದರಿಂದ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಪಾಠ ಹೇಳಿದೆ. ಹಲಗೆ ಎಷ್ಟು ಉದ್ದ ಇರಬೇಕು, ಹೊಟ್ಟೆ ಎಲ್ಲಿ ಬರಬೇಕು, ಕಾಲು ಯಾವಾಗ ಬಡಿಯಬೇಕು. ಮಾಸ್ತರರು "ವೈನಿಯವರ, ಇನ್ನೊಂದ್ಸಲ ಹೇಳ್ರಿ" ಎನ್ನುತ್ತ ಸೀಸದ ಕಡ್ಡಿಯನ್ನು ನಾಲಿಗೆಗೆ ಒತ್ತಿ ಬರೆದುಕೊಳ್ಳುತ್ತಿದ್ದರು. ತುಟಿಯೆಲ್ಲ ಕಪ್ಪಾಗುತ್ತಿತ್ತು. ಅದೇ ತುಟಿಯಿಂದ ನನ್ನ ಪಲ್ಯ ತಿನ್ನುತ್ತಿದ್ದರು.

ಬೂರುಗದ ಹಲಗೆ ಮಾಡಿಸಿ, ಅದು ಹಗುರ ಎಂದು ಮೂರು ಸಲ ಹೇಳಿದೆ. ಹೆಂಗಸಿನ ಮಾತು ಕೇಳಿದಂತೆ ಮಾಡಿ, ಬಡಿಗನ ಮಾತು ಕೇಳಿದರು. ಬಡಿಗ ನೇಗಿಲು, ಕುಂಟೆ ಮಾಡುವವ. ಗಟ್ಟಿ ಇರಲಿ ಎಂದು ಹಸಿ ಜಾಲಿಯ ಕಟ್ಟಿಗೆಯಲ್ಲಿ ಆಳುದ್ದದ ಹಲಗೆ ಕೆತ್ತಿ ಕೊಟ್ಟ. ಇಬ್ಬರು ಆಳುಗಳು ಹೊತ್ತು ನಮ್ಮ ಹೊಲದ ಬಾವಿಗೆ ಒಯ್ದರು. ಬುತ್ತಿ ಕೊಡುವ ನೆಪದಲ್ಲಿ ನಾನೂ ಹೋಗಿದ್ದೆ. ಹಲಗೆಯನ್ನು ನೀರಿಗೆ ಬಿಟ್ಟರು. ಅದು ಗುಳುಂ ಎಂದು ನೇರ ತಳಕ್ಕೆ ಇಳಿಯಿತು. ಯಜಮಾನರು ಬಹಳ ಹೊತ್ತು ಬಾವಿ ಬಗ್ಗಿ ನೋಡಿ, "ಸಮುದ್ರದ ನೀರು ಉಪ್ಪಿರ್ತೈತಿ. ಅಲ್ಲಿ ತೇಲ್ತೈತಿ" ಎಂದರು.

ನನಗೆ ಅಸಹ್ಯವಾಗಲು ಶುರುವಾದದ್ದು ಅಲ್ಲಿಂದ. ದಡ್ಡತನಕ್ಕೆ ಅಲ್ಲ, ದಡ್ಡರು ಎಲ್ಲ ಕಡೆ ಇರುತ್ತಾರೆ. ದಡ್ಡತನವನ್ನು ಹೊಟ್ಟೆ ಮುಂದೆ ಬಿಟ್ಟುಕೊಂಡು ಮೆರೆಸುವ ಆ ಬಗೆಗೆ. ಎರಡನೆಯ ಸಲ ಬೂರುಗದ ಹಲಗೆ ಬಂತು, ತೇಲಿತು. ಅದನ್ನು ತಾವೇ ಕಂಡುಹಿಡಿದಂತೆ ಮಾತಾಡಿಕೊಂಡರು. ಬಳಿಕ ದಿನಾ ಮಧ್ಯಾಹ್ನ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬಾವಿಗೆ ಇಳಿಯುವುದು, ಹಲಗೆಯನ್ನು ತಬ್ಬಿಕೊಂಡು ಕಿರುಚುವುದು, ಬಾಯಿಗೆ ಹೋದ ನೀರನ್ನು ಎಲೆಯಡಿಕೆಯ ಸಮೇತ ಬಾವಿಗೇ ಉಗುಳುವುದು. ಆ ಬಾವಿಯ ನೀರನ್ನು ಆಳುಗಳು ಕುಡಿಯುತ್ತಿದ್ದರು. ಒಬ್ಬ ಮುದುಕ ಆಳು ನನ್ನ ಕಡೆ ತಿರುಗಿ, "ಸಣ್ಣ ಸಾವಕಾರತಿ, ನಾವೇನ ಕುಡೀಬೇಕ್ರಿ ಇನ್ನ?" ಎಂದು ಕೇಳಿದ. ನನಗೆ ನಾಚಿಕೆಯಾಯಿತು. ಮನೆಯಿಂದ ಎರಡು ಕೊಡ ನೀರು ಹೊರಿಸಿ ಕಳಿಸಿದೆ.

ಇಷ್ಟಾದರೂ ಪಾಠ ಹೇಳುವುದನ್ನು ಬಿಡಲಿಲ್ಲ. ನನ್ನ ಆಸೆ ಅವರ ಹಲಗೆಗೇ ಗಂಟು ಬಿದ್ದಿತ್ತು.

ಶ್ರಾವಣದಲ್ಲಿ ಪಂಚಾಂಗದ ಅಯ್ಯನವರು ದಕ್ಷಿಣದ ಪ್ರಯಾಣಕ್ಕೆ ಒಂದು ಮುಹೂರ್ತ ಕೊಟ್ಟರು. ಕೊಪ್ಪಳಕ್ಕೆ ಹೋಗಿ ರೈಲು ಹತ್ತಿ, ಗುಂತಕಲ್ಲು, ಮದ್ರಾಸು ದಾಟಿ, ಕೊನೆಗೆ ಹಡಗು. ಮಾಸ್ತರರು ಎಲ್ಲ ಬರೆದಿಟ್ಟಿದ್ದರು. ಆದರೆ ಮುಹೂರ್ತದ ದಿನ ಅಂಗಡಿಗೆ ಮಾಲು ಬರುವುದಿತ್ತು. ಹಾಗಾಗಿ ಪ್ರಸ್ಥಾನ ಇಡುವುದೆಂದು ಆಯಿತು. ಈಗಿನವರಿಗೆ ಈ ಪದ್ಧತಿ ಗೊತ್ತಿರಲಾರದು. ಒಳ್ಳೆಯ ಗಳಿಗೆಗೆ ಹೊರಡಲಾಗದಿದ್ದರೆ, ಹೋಗುವವರ ಬಟ್ಟೆಯ ಗಂಟನ್ನು ಆ ಗಳಿಗೆಗೆ ಸರಿಯಾಗಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೋದರೆ ಮನುಷ್ಯ ಹೊರಟಂತೆ. ಆಮೇಲೆ ಮೂರೋ ಐದೋ ದಿನಕ್ಕೆ ಮನುಷ್ಯ ಹಿಂದಿನಿಂದ ಹೋದರೆ ಸಾಕು.

ನಾನು ಆಗ ಹಟ ಹಿಡಿದೆ. "ನನ್ನ ಸೀರಿ ಗಂಟೂ ಇಡ್ರಿ. ಇಲ್ಲಂದ್ರ ತೆರಿ ಮ್ಯಾಲೆ ಏಳೂದು ಹ್ಯಾಂಗ ಅಂತ ನಾ ಹೇಳೂದಿಲ್ಲ."

ಅದೊಂದು ಪಾಠವನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೆ. ಮೊಣಕಾಲ ಮೇಲೆ ಎದ್ದು, ಆಮೇಲೆ ನಿಲ್ಲುವುದು. ಯಜಮಾನರು ಅತ್ತೆಯ ಮುಖ ನೋಡಿದರು. ಅತ್ತೆ ಕಾಳು ಹಸನು ಮಾಡುತ್ತಿದ್ದರು. "ಗಂಟು ಹೋಗ್ಲಿ ಬಿಡಪಾ. ಗಂಟಿಗೇನು ಕಾಲ ಅದಾವೇನು" ಎಂದರು. ಸೊಸೆ ಎಲ್ಲಿಗೂ ಹೋಗುವುದಿಲ್ಲ ಎಂಬ ಭರವಸೆ ಅವರಿಗೆ. ಹೀಗೆ ದಕ್ಷಿಣದ ಓಣಿಯ ಗಾಣದ ಮನೆಯಲ್ಲಿ ಮೂರು ಗಂಟು ಕೂತವು. ಗಂಡಸರ ಗಂಟಿನಲ್ಲಿ ಧೋತರ, ಅಂಗಿ, ಜೊತೆಗೆ ದಾರಿಗೆಂದು ನಾನು ಮಾಡಿದ ಶೇಂಗಾ ಹೋಳಿಗೆ, ಕಟಕ್ ರೊಟ್ಟಿ, ಕೆಂಪು ಚಟ್ನಿ. ನನ್ನದರಲ್ಲಿ ಒಂದು ಇಳಕಲ್ಲ ಸೀರೆ, ಒಂದು ಕುಪ್ಪಸ.

ಐದು ದಿನವಾಯಿತು, ಮಾಲು ಬರಲಿಲ್ಲ. ಅಯ್ಯನವರು ಅವಧಿ ಬೆಳೆಸಿಕೊಟ್ಟರು. ಆಮೇಲೆ ಮಾಸ್ತರರ ಹಲ್ಲು ನೋವು, ಆಮೇಲೆ ಅಮಾವಾಸ್ಯೆ, ಆಮೇಲೆ ಬೆಕ್ಕು ಅಡ್ಡ ಬಂತು. ಬೆಳೆಸಿದ್ದೇ ಬೆಳೆಸಿದ್ದು. ಈ ನಡುವೆ ಶಾಸ್ತ್ರದ ಪ್ರಕಾರ ಇಬ್ಬರೂ ಹೊರಟಾಗಿತ್ತಲ್ಲ! ಹೊರಟವರು ತಲೆಗೆ ಎಣ್ಣೆ ಹಾಕಿಕೊಂಡು ಎರೆದುಕೊಳ್ಳಬಾರದು, ಕ್ಷೌರ ಮಾಡಿಸಬಾರದು. ತಲೆ ನೆನೆಯಬಾರದೆಂದು ಬಾವಿಗೆ ಇಳಿಯುವುದನ್ನೂ ನಿಲ್ಲಿಸಿದ್ದರು. ಒಂದು ತಿಂಗಳು ಹೀಗೆ ಹೋಯಿತು. ಸಮುದ್ರಕ್ಕೆ ಹೊರಟ ಈ ಮಹನೀಯರ ಮೈಯಿಂದ ಹೋತದ ವಾಸನೆ ಹೊಡೆಯುತ್ತಿತ್ತು. ಗಡ್ಡದಲ್ಲಿ ಜೋಳದ ಹೊಟ್ಟು, ಮಾಸ್ತರರ ಕೊರಳ ಸುತ್ತ ಬೆವರಿನ ಕರಿ ಗೆರೆ. ಯಜಮಾನರು ತಲೆ ಕೆರೆದುಕೊಂಡ ಉಗುರಿನಲ್ಲೇ ನೆಲದ ಮೇಲೆ ಲಂಕೆಯ ನಕಾಶೆ ಬರೆದು ತೋರಿಸುತ್ತಿದ್ದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಡಿಸುತ್ತಿದ್ದೆ. ಅದನ್ನು ಅವರು ಮರ್ಯಾದೆ ಎಂದು ತಿಳಿದರು.

ಒಂದು ದಿನ ಗಾಣದ ಮನೆಯ ಮುದುಕಿ ಹೇಳಿಕಳಿಸಿದಳು. ಹೋಗಿ ನೋಡಿದರೆ ಗಂಡಸರ ಗಂಟಿನಿಂದ ಇರುವೆಯ ಸಾಲು. ಬಿಚ್ಚಿದೆ. ಹೋಳಿಗೆಗೆ ಹಸಿರು ಬೂಸ್ಟು ಹಿಡಿದು ಕೂದಲು ಬಂದಂತಾಗಿತ್ತು, ರೊಟ್ಟಿಯಲ್ಲಿ ಹುಳ ಮಿಜಿಮಿಜಿ ಎನ್ನುತ್ತಿದ್ದವು. ಇಲಿಯೊಂದು ಮಾಸ್ತರರ ಅಂಗಿಯ ತೋಳನ್ನು ಕಡಿದು ಮನೆ ಮಾಡಿಕೊಂಡಿತ್ತು. ತಿನಿಸನ್ನೆಲ್ಲ ತಿಪ್ಪೆಗೆ ಎಸೆದು, ಬಟ್ಟೆಯನ್ನು ಮತ್ತೆ ಗಂಟು ಕಟ್ಟಿಟ್ಟು ಬಂದು ಯಜಮಾನರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಚಟ್ನಿನೂ ಕೆಟ್ಟಿತ್ತೇನು?"

ಅಷ್ಟರಲ್ಲಿ ಯುದ್ಧದ ಸುದ್ದಿ ಬಂತು. ಹಡಗಿಗೆ ಹಡಗನ್ನೇ ಮುಳುಗಿಸುತ್ತಾರಂತೆ ಎಂದು ಮಾಸ್ತರರು ಓಡಿಬಂದು ಹೇಳಿದರು. ಹೇಳುವಾಗ ಅವರ ಮುಖದಲ್ಲಿದ್ದ ಹಿಗ್ಗನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಯಜಮಾನರೂ ನಿಟ್ಟುಸಿರು ಬಿಟ್ಟು, "ಏನ್ ಮಾಡೂದ್ರಿ ಮಾಸ್ತರ, ನಮ್ಮ ನಸೀಬ" ಎಂದು ಕಾಲು ಚಾಚಿ ಗೋಡೆಗೆ ಒರಗಿದರು. ಎಲ್ಲೋ ಸಾವಿರ ಹರದಾರಿ ಆಚೆ ಜನ ಸಾಯುತ್ತಿದ್ದರು, ಇಲ್ಲಿ ಇಬ್ಬರಿಗೆ ಸಮುದ್ರಕ್ಕೆ ಇಳಿಯುವುದು ತಪ್ಪಿತೆಂದು ನೆಮ್ಮದಿ. ಛೀ ಎಂದು ಬಾಯಿ ಬಿಟ್ಟೇ ಅಂದೆ. ಎಮ್ಮೆಗೆ ಅಂದೆ ಎಂದು ಅತ್ತೆ ತಿಳಿದಿರಬೇಕು.

ಗಂಟುಗಳನ್ನು ತಂದುಬಿಡು ಎಂದರು ಅತ್ತೆ. ನಾನು ಗಾಣದ ಮನೆಗೆ ಹೋಗಿ ಬರಿಗೈಯಲ್ಲಿ ಬಂದೆ. "ಆ ಆಯಿ ಕೊಡೂದಿಲ್ಲಂತಾಳ್ರಿ ಅತ್ತಿ. ಹೊಂಟ ಗಂಟು ಹೋಗಲಾರದ ತಿರಿಗಿ ಬಂದ್ರ ಮನಿಗೆ ಛಲೋ ಅಲ್ಲಂತ."

ಮುದುಕಿ ಹಾಗೆ ಹೇಳಿದ್ದು ನಿಜ. ಆದರೆ "ಗಂಟು ಹಿಂಗ ತಿರಿಗಿ ಒಯ್ದ್ರ ನಡೀತೈತೇನಬೇ ಆಯಿ?" ಎಂದು ನಾನೇ ಕೇಳಿ ಹೇಳಿಸಿಕೊಂಡು ಬಂದಿದ್ದೆ. ಅತ್ತೆಯ ಕೈ ಮೊರದ ಮೇಲೆಯೇ ನಿಂತಿತು. ಅಯ್ಯನವರಿಗೆ ಹೇಳಿಕಳಿಸಿದರು. ಅಯ್ಯನವರು ಪಂಚಾಂಗ ತಿರುವಿ, ಪ್ರಸ್ಥಾನ ಇಟ್ಟವರೆಲ್ಲ ತಮ್ಮ ತಮ್ಮ ಗಂಟು ಹೊತ್ತು ದಕ್ಷಿಣಕ್ಕೆ ಹೋಗಿ, ಹರಿಯುವ ನೀರು ಒಂದನ್ನಾದರೂ ದಾಟಿ, ಆಚೆ ದಂಡೆ ಮೆಟ್ಟಿ ಬರಬೇಕು ಎಂದರು.

ನಾನು ಬಾಗಿಲ ಹಿಂದಿನಿಂದ ಕೇಳಿದೆ. "ಎಲ್ಲಾರೂ ಅಂದ್ರ ಹೆಣ್ಣುಮಕ್ಕಳೂ ಬಂತೇನ್ರಿ ಅಯ್ಯಾರ?"

"ಗಂಟು ಇಟ್ಟಿದ್ರ ಅವ್ರೂ ಬಂತಲ್ಲವಾ ತಂಗಿ."

"ನಮ್ಮ ತವರೂರ ಹೊಳಿ ಐತ್ರಿ" ಎಂದೆ. ಯಾರಿಗೂ ಬೇರೆ ಹೊಳೆ ನೆನಪಾಗಲಿಲ್ಲ.

ಸವಾರಿ ಬಂಡಿ ಕಟ್ಟಿಸಿ ಹೊರಟೆವು. ಬೂರುಗದ ಹಲಗೆಯನ್ನು ಬಂಡಿಯ ತಳಕ್ಕೆ ಹಾಕಿ ಮೇಲೆ ಹುಲ್ಲು ಹಾಸಿದವಳು ನಾನೇ. ಕುಳಿತುಕೊಳ್ಳಲು ಮೆತ್ತಗಿರುತ್ತದೆ ಎಂದಿದ್ದೆ. ಕನಕಗಿರಿಯಲ್ಲಿ ಒಂದು ವಸ್ತಿ, ಮರುದಿನ ತವರು. ಮೂರನೆಯ ದಿನ ಬೆಳಗ್ಗೆ ಅಂಬಿಗನ ಹರಿಗೋಲು. ಗಂಟುಗಳ ಜೊತೆ ಹಲಗೆಯನ್ನೂ ಅದರಲ್ಲಿ ಹಾಕಿಸಿದೆ. ಹಸಿ ಎಮ್ಮೆತೊಗಲು ಹೊದಿಸಿದ ಹೊಸ ಹರಿಗೋಲು, ನೊಣ ಮುತ್ತಿಕೊಂಡು ಕೊಳೆತ ನಾತ ಹೊಡೆಯುತ್ತಿತ್ತು. ಅದು ನೀರಿನಲ್ಲಿ ಒಂದು ಸುತ್ತು ತಿರುಗಿತೋ ಇಲ್ಲವೋ, ಮಾಸ್ತರರು ಬೆಳಗ್ಗೆ ನಮ್ಮಣ್ಣನ ಮನೆಯಲ್ಲಿ ತಿಂದ ಆರು ದೋಸೆಯನ್ನೂ ತಮ್ಮ ಗಂಟಿನ ಮೇಲೇ ಕಾರಿಕೊಂಡರು. ಯಜಮಾನರು ಎರಡೂ ಕೈಯಿಂದ ಹರಿಗೋಲಿನ ಅಂಚು ಹಿಡಿದು, ಕಣ್ಣು ಮುಚ್ಚಿ, ಊರಿನ ದೇವರನ್ನೆಲ್ಲ ಒಬ್ಬೊಬ್ಬರಾಗಿ ಕರೆದರು.

ಆಚೆ ದಂಡೆ ಇಂಗ್ರೇಜರ ಸೀಮೆ, ನಮ್ಮ ದಂಡೆ ಬೇರೆ ಸರಕಾರದ್ದು. ಅದನ್ನು ಮೆಟ್ಟಿ, ಗಂಟು ಇಳಿಸಿ ಎತ್ತಿಕೊಂಡು ಹಿಂದಿರುಗುವಾಗ ಮಾಸ್ತರರಿಗೆ ಉಸಿರೇ ನಿಂತಂತಾಯಿತು. ಹೊಳೆಯ ನಡುವಿನ ಗಡ್ಡೆಗೆ ಹರಿಗೋಲು ಹಚ್ಚಿಸಿದರು. ಒಡೆದ ಒಡ್ಡು ಆ ಗಡ್ಡೆಗೇ ಸೇರಿಕೊಂಡಿತ್ತು. ಮಾಸ್ತರರು ಒಂದು ಬಂಡೆಯ ನೆರಳಿಗೆ ಮುಖ ಕೆಳಗೆ ಮಾಡಿ ಬಿದ್ದುಕೊಂಡರು. ಅಂಬಿಗ ಬೀಡಿ ಹಚ್ಚಿ ಆ ಕಡೆ ತಿರುಗಿ ಕೂತ. ನಾನು ಹಲಗೆ ತೆಗೆದುಕೊಂಡೆ.

"ಎಲ್ಲಿಗೆ ಹೊಂಟಿ?" ಎಂದರು ಯಜಮಾನರು.

"ಇದಕ್ಕ ಬಂದೇವಲ್ರಿ" ಎಂದೆ. ಸೀರೆಯನ್ನು ಕಚ್ಚೆ ಹಾಕಿ ಬಿಗಿದೆ.

ಒಡ್ಡಿನ ಬಾಯಿಗೆ ಹೋಗಿ ಎದೆಗೆ ಹಲಗೆ ಒತ್ತಿಕೊಂಡು ಬಿದ್ದೆ. ತಣ್ಣೀರು ತಲೆಯ ಮೇಲಿಂದ ಹಾದುಹೋಯಿತು. ಮೂಗಿನೊಳಗಿದ್ದ ಆ ಇಡೀ ವರ್ಷದ ವಾಸನೆ ತೊಳೆದುಹೋಯಿತು. ತೆರೆ ಹೊಟ್ಟೆಯ ಕೆಳಗೆ ಬಂದು ನನ್ನನ್ನು ಎತ್ತಿ ಹಿಡಿಯಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ, ಬಾಯಿ ಮಾತ್ರ ತೆರೆದಿತ್ತು. ಎರಡು ಸಲ ಬಿದ್ದೆ, ಈಜಿ ಬಂದೆ. ಮೂರನೆಯ ಸಲ ಮೊಣಕಾಲ ಮೇಲೆ ಎದ್ದೆ. ಎದ್ದವಳು ನಿಂತೆ. ತವರಿನಲ್ಲಿ ಅಷ್ಟು ವರ್ಷ ಆಡಿದರೂ ಒಮ್ಮೆಯೂ ನಿಂತಿರಲಿಲ್ಲ, ಮೊಣಕಾಲವರೆಗೇ ಬರುತ್ತಿತ್ತು; ನಿಲ್ಲುವ ಪಾಠ ನನಗೆ ಗೊತ್ತೆಂದು ಯಜಮಾನರಿಗೆ ಹೇಳಿದ್ದು ಸುಳ್ಳು. ನಿಂತು ಎಷ್ಟು ಹೊತ್ತು ಇದ್ದೆನೋ, ನಾಲ್ಕು ಉಸಿರು ಇರಬಹುದು. ಆಗ ಯಜಮಾನರು ಹರಿಗೋಲಿನ ಕಡೆ ಹೋಗಿದ್ದರು, ಅದನ್ನು ಕಂಡವರು ಯಾರೂ ಇಲ್ಲ.

ದಡಕ್ಕೆ ಬಂದಾಗ ಅವರು ಸುತ್ತ ನೋಡುತ್ತ ನಿಂತಿದ್ದರು. "ಯಾರರೆ ನೋಡಿದ್ರೇನು?" ಎಂದರು. ಬಿದ್ದೆಯಾ, ಪೆಟ್ಟಾಯಿತೇ ಎಂದಲ್ಲ. ನಾನು ಸೀರೆ ಹಿಂಡಿಕೊಳ್ಳುತ್ತ, ಇಲ್ಲ ಎಂದೆ. ಬಂಡಿಯಲ್ಲಿ ಬರುವಾಗ ಮೆಲ್ಲಗೆ, "ಬಾಯಿ ಮುಚ್ಚಿಕೊಂಡು ಇದ್ರ ಬರೂ ವರ್ಷ ಮತ್ತ ಕರಕೊಂಡು ಬರ್ತೀನಿ" ಎಂದರು. ನಾನು ನಂಬಿದೆ.

ಊರಿಗೆ ಬಂದು ಇಬ್ಬರೂ ಕ್ಷೌರ ಮಾಡಿಸಿ, ಎಣ್ಣೆ ಹಚ್ಚಿ ಎರೆದುಕೊಂಡು ಹೊಸ ಮನುಷ್ಯರಾದರು. ಎಂಟು ದಿನದ ಮೇಲೆ ಅಳವಂಡಿಯಿಂದ ಇಬ್ಬರು ವ್ಯಾಪಾರಸ್ಥರು ಊಟಕ್ಕೆ ಬಂದಿದ್ದರು. ಯಜಮಾನರು ಅವರಿಗೆ ಹೇಳುತ್ತಿದ್ದರು: ಪರದೇಶದ ದಂಡೆ ಮೆಟ್ಟಿದ್ದು, ದ್ವೀಪದಲ್ಲಿ ಇಳಿದದ್ದು, ಹಲಗೆಯ ಮೇಲೆ ಮಲಗಿ ತೆರೆ ಏರಿದ್ದು. ತಣ್ಣೀರು ತಲೆಯ ಮೇಲಿಂದ ಹಾದದ್ದನ್ನೂ ಹೇಳಿದರು. ಅದನ್ನು ನಾನು ಬಂಡಿಯಲ್ಲಿ ಅವರಿಗೆ ಹೇಳಿದ್ದೆ. ಮಾಸ್ತರರು ಪಕ್ಕದಲ್ಲಿ ಕೂತು, "ನಾ ಕಣ್ಣಾರೆ ನೋಡೇನ್ರಿ" ಎಂದರು. ಬಂಡೆಯ ಕೆಳಗೆ ಮಣ್ಣು ಮುಕ್ಕುತ್ತ ಬಿದ್ದಿದ್ದ ಕಣ್ಣು ಅದು.

ಅತಿಥಿಗಳಲ್ಲಿ ಹಿರಿಯರು ನಕ್ಕರು. "ಸಾವಕಾರ್ರ, ನೀವು ನೀರಿಗೆ ಇಳಿದ್ರಿ? ನಂಬೂದ ಹ್ಯಾಂಗ್ರಿ?"

"ಬೇಕಾದ್ರ ಇಕಿನ್ನ ಕೇಳ್ರಿ" ಎಂದು ಯಜಮಾನರು ಬಾಗಿಲ ಕಡೆ ಕೈ ತೋರಿಸಿದರು.

ಎಲ್ಲರೂ ತಿರುಗಿದರು. ಅತ್ತೆಯೂ ಒಲೆಯ ಮುಂದಿನಿಂದ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಮಜ್ಜಿಗೆಯ ಗಡಿಗೆ ಇತ್ತು. ನಿಜ ಹೇಳಿದರೆ ಬರುವ ವರ್ಷ ಹೊಳೆ ಇಲ್ಲ ಎಂದು ಲೆಕ್ಕ ಹಾಕಿದೆ. ಅಷ್ಟು ದಿನ ಅವರ ಬಗ್ಗೆ ಇದ್ದ ಹೇಸಿಗೆಯೆಲ್ಲ ಆ ಹೊತ್ತಿಗೆ ನನ್ನ ನಾಲಿಗೆಯ ಮೇಲೆ ಬಂದು ಕೂತಿತು.

"ಹೌದ್ರಿ" ಎಂದೆ. "ಬರೇ ಮಲಗಿದ್ದಲ್ಲರಿ. ಮೂರನೇ ಸಲಕ್ಕ ಇವರು ಹಲಗಿ ಮ್ಯಾಲೆ ಎದ್ದು ನಿಂತಿದ್ರು."

ಅದನ್ನು ಅವರು ಹೇಳಿರಲಿಲ್ಲ. ಅವರಿಗೆ ಗೊತ್ತೂ ಇರಲಿಲ್ಲ, ನಾನೇ ಎತ್ತಿ ಕೊಟ್ಟೆ. ಮರುವರ್ಷ ಹೊಳೆಗೆ ಕರೆದೊಯ್ಯಲಿಲ್ಲ, ಅದರ ಮರುವರ್ಷವೂ ಇಲ್ಲ. ಆದರೆ ಇರುವವರೆಗೂ ಅವರು ಆ ಕಥೆಯನ್ನು, ಎದ್ದು ನಿಂತದ್ದನ್ನು ಸೇರಿಸಿಯೇ ಹೇಳಿದರು.